ಮೂಗು ಮುನಿಸಿಕೊಂಡ ಸ್ಮಿಲ್ಯಕ್ಕನ ಹಬ್ಬದ ಘಮ

ವಾಲ್ಯೆವೊ ಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಳೆ ಕ್ರಿಸ್ಮಸ್. ಹಣ್ಣಿನ ಕಟ್ಟೆಯ ಮುಂದೆ ನಿಂತ ಸ್ಮಿಲ್ಯಕ್ಕ ಸೇಬಿನ ಜಾತಿಯ, ಘಮಘಮಿಸುವ ಹಳದಿ ದುನ್ಯಾ ಹಣ್ಣೊಂದನ್ನು ಎತ್ತಿ, ಮೇಲಿನ ನವಿರು ತುಪ್ಪಟವನ್ನು ಹೆಬ್ಬೆರಳಿನಿಂದ ಒರೆಸಿ, ತನ್ನ ಮೂಗಿಗಲ್ಲ, ಮಾರುವವಳ ಮೂಗಿಗೇ ಹಿಡಿಯುತ್ತಾಳೆ.

"ಮೂಸೇ, ಹೇಗಿದೆ ಹೇಳು."

"ಅಯ್ಯೋ, ನನ್ನ ಹಣ್ಣು ನಾನೇ ಮೂಸಿ ಚೆನ್ನಾಗಿಲ್ಲ ಅಂತೀನಾ?"

"ಅನ್ನಲ್ಲ ಅಂತ ಗೊತ್ತು. ಅದಕ್ಕೇ ನಿನ್ನ ಬಾಯಿ ಕೇಳ್ತಿಲ್ಲ, ಮುಖ ನೋಡ್ತಿದೀನಿ."

ಮಾರುವ ಮಿಲುಂಕಾ ಮೂಸುತ್ತಾಳೆ. ಹುಬ್ಬು ತಾನಾಗಿ ಮೇಲೇರುತ್ತದೆ. ಹಣ್ಣು ಸ್ಮಿಲ್ಯಕ್ಕನ ಚೀಲಕ್ಕೆ ಬೀಳುತ್ತದೆ. ಮುಂದಿನದಕ್ಕೆ ಹುಬ್ಬು ಏಳುವುದಿಲ್ಲ, ಅದು ಬುಟ್ಟಿಗೆ ವಾಪಸ್ಸು.

ವರ್ಷವಿಡೀ ಸ್ಮಿಲ್ಯಾ ಓಬ್ರಾದೊವಿಚ್ ನದಿದಂಡೆಯ ವಠಾರಗಳ ಮೆಟ್ಟಿಲು ಒರೆಸುತ್ತಾಳೆ. ಹಬ್ಬ ಬಂತೆಂದರೆ ಮಾತ್ರ ಅವಳ ಕೈಯಲ್ಲಿ ಪೊರಕೆ ಇರುವುದಿಲ್ಲ, ಕೆಂಡದ ಸಲಿಕೆ ಇರುತ್ತದೆ; ಕೂಲಿಗೆ ಮನೆಮನೆಗೆ ಹೋಗಿ ಹಬ್ಬದ ಘಮ ಎಬ್ಬಿಸುತ್ತಾಳೆ. ಬಟ್ಟೆ ಬೀರುವಿನ ತಲೆಯ ಮೇಲೆ ದುನ್ಯಾ ಸಾಲಾಗಿ ಕೂರಬೇಕು, ಊಟದ ಮೇಜಿನ ಕೆಳಗೆ ಒಣಹುಲ್ಲು ಹಾಸಬೇಕು, ಮರದ ಸಾಮಾನಿಗೆ ಜೇನುಮೇಣ ತಿಕ್ಕಬೇಕು, ಒಲೆಯ ಅಂಚಿನಲ್ಲಿ ಕಿತ್ತಳೆ ಸಿಪ್ಪೆ ಒಣಗಬೇಕು. ಕೊನೆಗೆ ಕೆಂಡಕ್ಕೆ ಧೂಪ, ಒಂದು ಚಿಟಿಕೆ ಕಾಮಕಸ್ತೂರಿ. ಹೊಗೆ ಕೋಣೆ ಕೋಣೆ ಸುತ್ತಿ ಬಂದ ಮೇಲೆ ಮನೆಯವರಿಗೆ ಹಬ್ಬ ಬಂದಿದೆಯೆಂದು ನಂಬಿಕೆ ಬರುತ್ತದೆ. ತಾವೇ ಮಾಡಿಕೊಳ್ಳಬಹುದಲ್ಲ ಎಂದರೆ, "ಅಜ್ಜಿ ಮಾಡ್ತಿದ್ರು, ನಮಗೆ ಗೊತ್ತಿಲ್ಲ" ಅನ್ನುತ್ತಾರೆ.

ಇಂಥವಳಿಗೆ ಮೂರು ಚಳಿಗಾಲದ ಹಿಂದೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗಿನ ಕಸುಬನ್ನೂ ಕಟ್ಟಿಕೊಂಡು ಹೋಯಿತು. ಬೆಳ್ಳುಳ್ಳಿಯೂ ಒಂದೇ, ಬಾಗಿಲ ಹಿಡಿಯೂ ಒಂದೇ.

"ಅತ್ತುಬಿಟ್ಟೆ. ಘಮ ಮಾರೋಳಿಗೆ ವಾಸನೆ ಬರಲ್ಲ ಅಂದ್ರೆ ಯಾರು ಕರೀತಾರೆ?" ಅನ್ನುತ್ತಾಳೆ ಸ್ಮಿಲ್ಯಕ್ಕ.

ಗುಟ್ಟು ಗೊತ್ತಿದ್ದದ್ದು ಗಂಡ ರಾಡಿಸಾವ್‌ನಿಗೆ ಮಾತ್ರ. ಬಸ್ಸು ಓಡಿಸಿ ನಿವೃತ್ತನಾದ ಆತ ಹೆಂಡತಿಯ ಮೂಗಾಗಿ ಮತ್ತೆ ಕೆಲಸಕ್ಕೆ ಸೇರಿದ. ಅವಳು ಮುಂದಿಟ್ಟದ್ದನ್ನೆಲ್ಲ ಮೂಸಿ "ಹೂಂ", "ಊಹೂಂ" ಅನ್ನುವುದಷ್ಟೇ ಅವನ ಕೆಲಸ. ಎಲ್ಲ ಸುಸೂತ್ರವಾಗಿತ್ತು, ಕಳೆದ ಕ್ರಿಸ್ಮಸ್ ಹೊತ್ತಿಗೆ ಮಹಾನುಭಾವನಿಗೆ ಶೀತವಾಗುವವರೆಗೆ.

ಇಲ್ಲಿ ಹಂದಿ ಕೊಯ್ದ ಮೇಲೆ ಮೈಮೇಲೆ ರಾಳದ ಪುಡಿ ಉದುರಿಸಿ, ಬಿಸಿನೀರು ಸುರಿದು ಕೂದಲು ಕೆರೆಯುತ್ತಾರೆ. ಮಿಕ್ಕ ರಾಳವನ್ನು ರಾಡಿಸಾವ್ ಜಾಮಿನ ಬಾಟಲಿಗೆ ತುಂಬಿ, ಧೂಪದ ಬಾಟಲಿಯ ಪಕ್ಕದಲ್ಲೇ ಇಟ್ಟಿದ್ದ. ಎರಡೂ ಹಳದಿ ಹರಳು. ಸ್ಮಿಲ್ಯಕ್ಕ ಒಂದನ್ನು ಮುಂದೆ ಹಿಡಿದಾಗ ಗಂಡ ಸೊರ್ ಎಂದು ಮೂಗೆಳೆದು "ಹೂಂ" ಅಂದುಬಿಟ್ಟ.

ಆ ಬಾಟಲಿ ಹೋದದ್ದು ಮೂರನೇ ಮಹಡಿಯ ಗೋರ್ದಾನಾಳ ಮನೆಗೆ. ಅವಳು ಅಂಗಡಿಯಿಂದ ಸುವಾಸನೆ ಉಗುಳುವ ಯಂತ್ರ ತಂದಿಟ್ಟು, "ಸ್ಮಿಲ್ಯಕ್ಕ, ಈ ಸಲ ನೋಡ್ತೀನಿ, ಇಲ್ದಿದ್ರೆ ನಂಗೆ ಇದೇ ಸಾಕು" ಎಂದು ಮೊದಲೇ ಹೇಳಿದ್ದಳು. ಕ್ರಿಸ್ಮಸ್ ಹಿಂದಿನ ಸಂಜೆ ಬೇರೆ. ಮಾಂಸದ ಮಾತೆತ್ತುವಂತಿಲ್ಲ, ಎಲ್ಲರೂ ಉಪವಾಸದ ಹುರುಳಿಕಾಯಿ ಬೀಜ, ಮೀನು ಮುಂದಿಟ್ಟುಕೊಂಡು ಕೂತಿದ್ದಾರೆ. ಸ್ಮಿಲ್ಯಕ್ಕ ಭಕ್ತಿಯಿಂದ ಕೆಂಡದ ಮೇಲೆ ಹರಳು ಸುರಿದಳು.

ಕಪ್ಪು ಹೊಗೆ ಎದ್ದಿತು. ಗೋರ್ದಾನಾ ಕಿಟಕಿಗೆ ಓಡಿದಳು. ಅವಳ ಗಂಡನ ಬಾಯಲ್ಲಿ ಮಾತ್ರ ನೀರೂರತೊಡಗಿತ್ತು. ಅಷ್ಟರಲ್ಲಿ ಒಳಕೋಣೆಯ ಬಾಗಿಲು ದಡಾರನೆ ತೆರೆಯಿತು. ಗೋರ್ದಾನಾಳ ಮಾವ ವುಕಾಶಿನಜ್ಜ, ಗುಡ್ಡದೂರಿನಿಂದ ಬಂದಾಗಿನಿಂದ ಮುನಿಸಿಕೊಂಡು ಕೋಣೆಯಲ್ಲೇ ಉಣ್ಣುತ್ತಿದ್ದವನು, ಕಾಲುಚೀಲದಲ್ಲೇ ಹೊರಗೆ ಬಂದ.

"ಹಂದಿ ಯಾರು ಕೊಯ್ದ್ರೋ? ನನ್ನನ್ನ ಎಬ್ಬಿಸ್ಬಾರ್ದಾ? ನನ್ನ ಚೂರಿ ಎಲ್ಲಿ?"

"ಯಾವ ಹಂದಿನೂ ಇಲ್ಲ ಮಾವ, ಇವತ್ತು ಉಪವಾಸ!"

"ಏ ಸುಳ್ಳಿ! ನನ್ನ ಮೂಗಿಗೇ ಪಾಠ ಹೇಳ್ತೀಯಾ?"

ಗೋರ್ದಾನಾ ಸ್ಮಿಲ್ಯಕ್ಕನತ್ತ ತಿರುಗಿದಳು. "ನಿಮಗೆ ಗೊತ್ತಾಗ್ಲಿಲ್ವಾ? ಇಷ್ಟು ಘಾಟು!"

ಅಲ್ಲಿಗೆ ಗುಟ್ಟು ರಟ್ಟು. "ಇಲ್ಲ ಕಣಮ್ಮ, ನಂಗೆ ಏನೂ ವಾಸನೆ ಬರಲ್ಲ" ಎಂದು ಸ್ಮಿಲ್ಯಕ್ಕ ಸಲಿಕೆ ಹಿಡಿದೇ ಅತ್ತಳು. ಮರುದಿನ ಬೆಳಗಾಗುವುದರೊಳಗೆ ಇಡೀ ವಠಾರಕ್ಕೆ ಸುದ್ದಿ.

ಹೆಚ್ಚಿನ ಮನೆಯವರು ನಕ್ಕು ಸುಮ್ಮನಾದರು, ಕರೆಯುವುದನ್ನು ಬಿಡಲಿಲ್ಲ. ಈಗ ಅವಳು ಹೊಗೆ ಹಾಕುತ್ತ ಹೋದರೆ ಮನೆಯವರು ಹಿಂದೆ ಹಿಂದೆಯೇ ಬಂದು "ಸಾಕು", "ಇನ್ನೊಂಚೂರು" ಅನ್ನುತ್ತಾರೆ. ಗೋರ್ದಾನಾ ಮಾತ್ರ ವರ್ಷವಿಡೀ ಕರೆಯಲಿಲ್ಲ. ಮೆಟ್ಟಿಲಲ್ಲಿ ಎದುರಾದರೂ ಒಂದು ನಮಸ್ಕಾರ ಹೇಳಿ ದಾಟುತ್ತಿದ್ದಳು. ಸ್ಮಿಲ್ಯಕ್ಕನಿಗೆ ಕೊರಗಿದ್ದದ್ದು ಅದೊಂದೇ.

ಇವತ್ತು ಪೇಟೆಯಲ್ಲಿರುವಾಗಲೇ ಗೋರ್ದಾನಾಳ ಫೋನು ಬಂದಿದೆ. "ಸಂಜೆ ಬನ್ನಿ" ಅಂದಿದ್ದಾಳೆ, ಇನ್ನೇನೂ ಹೇಳಿಲ್ಲ. ಅದನ್ನು ಕೇಳಿದ್ದೇ ಸ್ಮಿಲ್ಯಕ್ಕ ಧೂಪದ ಬಾಟಲಿಯನ್ನು ಗಂಡನಿಂದ ಮೂಸಿಸಿ, ಮಿಲುಂಕಾಳಿಂದ ಮೂಸಿಸಿ, ದಾರಿಯಲ್ಲಿ ಸಿಕ್ಕ ಅಂಚೆಯವನಿಂದಲೂ ಮೂಸಿಸುತ್ತಾಳೆ.

ಸಂಜೆ ಮೂರನೇ ಮಹಡಿಯಲ್ಲಿ ಯಂತ್ರ ಕಾಣಿಸುವುದಿಲ್ಲ. ಧೂಪ ಚೊಕ್ಕವಾಗಿ ಏಳುತ್ತದೆ. ಗೋರ್ದಾನಾ ಕಣ್ಮುಚ್ಚಿ ಎಳೆದುಕೊಂಡು "ಚೆನ್ನಾಗಿದೆ" ಅನ್ನುತ್ತಾಳೆ, ಆದರೂ ಬಾಗಿಲು ಬಿಟ್ಟು ಕದಲುವುದಿಲ್ಲ.

"ಸ್ಮಿಲ್ಯಕ್ಕ... ಅದು ತಂದಿದೀರಾ?"

"ಯಾವುದು?"

"ಅದೇ, ಹೋದ ಸಲದ್ದು. ಹೋದ ವರ್ಷ ಮಾವ ಮೇಜಿಗೆ ಬಂದು ಕೂತು, ನಗ್ತಾ ನಗ್ತಾ ಉಂಡ್ರಲ್ಲ, ಅದೇ ಕೊನೆ. ಮತ್ತೆ ಕೋಣೆ ಸೇರಿಬಿಟ್ಟಿದಾರೆ. ಆ ಯಂತ್ರಾನ ಕಿಟಕಿಯಿಂದ ಎಸೆದೇ ಬಿಟ್ರು. ಒಂದು ವರ್ಷ ನಾಚ್ಕೊಂಡು ಕೇಳ್ಲಿಲ್ಲ. ಚೂರೇ ಚೂರು ಹಾಕಿ."

ಸ್ಮಿಲ್ಯಕ್ಕ ಮೆಟ್ಟಿಲ ಕಡೆ ಕೂಗು ಹಾಕುತ್ತಾಳೆ. ಕೆಳಗಿನ ತಮ್ಮ ಮನೆಯಿಂದ ರಾಡಿಸಾವ್ ಜಾಮಿನ ಬಾಟಲಿ ಹಿಡಿದು ಏದುಸಿರು ಬಿಡುತ್ತ ಹತ್ತಿ ಬರುತ್ತಾನೆ. ಒಂದು ಹರಳು ಕೆಂಡಕ್ಕೆ ಬೀಳುತ್ತದೆ. ಒಳಕೋಣೆಯ ಬಾಗಿಲು ತೆರೆಯುತ್ತದೆ.

"ಹೋದ ವರ್ಷಾನೂ ಮೋಸ ಮಾಡಿದ್ರಿ" ಎಂದು ಗೊಣಗುತ್ತ ವುಕಾಶಿನಜ್ಜ ಕುರ್ಚಿ ಎಳೆದು ಕೂರುತ್ತಾನೆ. "ಹಾಕಮ್ಮ, ಆ ಹುರುಳಿಕಾಯಿ ಬೀಜಾನೇ ಹಾಕು."

ಗೋರ್ದಾನಾ ಬಡಿಸುವಾಗ ಕಣ್ಣೊರೆಸಿಕೊಳ್ಳುತ್ತಾಳೆ, ಹೊಗೆ ಎಂದು ಹೇಳುತ್ತಾಳೆ.

ಮೆಟ್ಟಿಲಿಳಿಯುವಾಗ, ಮೂಗು ವಾಪಸ್ಸು ಬರಲಿ ಅಂತ ಆಸೆ ಇಲ್ವಾ ಎಂದು ಕೇಳಿದರೆ ಸ್ಮಿಲ್ಯಕ್ಕ ನಿಂತುಬಿಡುತ್ತಾಳೆ.

"ಬಂದ್ರೆ ಬರ್ಲಿ, ಬೇಡ ಅನ್ನಲ್ಲ. ಆದ್ರೆ ಇವರು ಮದುವೆಯಾದಾಗಿಂದ ನನ್ನ ಹತ್ರ ಇಷ್ಟು ಮಾತಾಡಿದ್ದೇ ಇಲ್ಲ. ಈಗ ಬೆಳಗ್ಗೆ ಎದ್ರೆ ಸಾಕು, ಕಾಫಿ ಹೀಗಿದೆ, ಬೀರು ಮೇಲಿನ ದುನ್ಯಾ ಹೀಗಿದೆ ಅಂತ ಕೂತು ಹೇಳ್ತಾರೆ. ನಂಗೆ ಇನ್ನೊಂದೇ ಆಸೆ."

"ಏನು?"

"ಹಬ್ಬದ ಹೊತ್ತಿಗೆ ಇವರಿಗೆ ಶೀತ ಆಗ್ದಿದ್ರೆ ಸಾಕು" ಎಂದು ಅವಳು ತನ್ನ ಕುತ್ತಿಗೆಯ ಉಣ್ಣೆ ಬಟ್ಟೆ ಬಿಚ್ಚಿ, ಗಂಡನ ಮೂಗು ಮುಚ್ಚುವ ಹಾಗೆ ಸುತ್ತುತ್ತಾಳೆ.