ಅರ್ಧ ಇಂಚಿಗೂ ನ್ಯಾಯ ಕೊಡುವ ಕಸ್ತೂರಿಬಾಯಿ

ಕಲಬುರಗಿ ಸಮೀಪದ ಕಮಲಾಪುರದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಬಾಳೆಕಾಯಿ ಹಣ್ಣು ಮಾಡುವ ಶೆಡ್ಡಿನ ತಗಡಿನ ಬಾಗಿಲನ್ನು ಎರಡೂ ಕೈಯಿಂದ ಸರಿಸಿ ಕಸ್ತೂರಿಬಾಯಿ ಒಳಗೆ ಬರುತ್ತಾರೆ. ಗೊನೆಗಳೆಲ್ಲ ಹಿಂದಿನ ಗೋಡೆಯ ಕಡೆ ಸರಿದಿವೆ. ನಡುವೆ ಮೇಜುಗಳ ಸಾಲು. ಒಂದೊಂದು ಮೇಜಿಗೂ ತಾವೇ ಹೊಲಿದ ದಪ್ಪ ಹಸಿರು ಬಟ್ಟೆ ಹಾಸಿ, ಸುಕ್ಕು ಉಳಿಯದಂತೆ ಅಂಗೈಯಿಂದ ಎಳೆದು, ಅದರ ಮೇಲೆ ಥರ್ಮಾಕೋಲಿನ ಗುಡ್ಡ, ರಟ್ಟಿನ ಕೋಟೆಗೋಡೆ ಇಡುತ್ತಾರೆ. ಆಮೇಲೆ ನೆಲಕ್ಕೆ ಮಂಡಿಯೂರಿ ಮೇಜಿನ ಅಂಚಿಗೆ ಕಣ್ಣು ತಂದು ನೋಡುತ್ತಾರೆ. ಮೂಲೆಯ ಮೇಜು ಸ್ವಲ್ಪ ವಾಲಿದೆ. ಕಾಲಿನಡಿಗೆ ರಟ್ಟಿನ ಚೂರು ತುರುಕಿ ಮತ್ತೊಮ್ಮೆ ನೋಡುತ್ತಾರೆ.

"ಮೇಜು ವಾಲಿತ್ತಂದ್ರ ದಾಳ ಆ ಕಡೀಗೇ ಉಳ್ಳತಾವ್ರಿ. ಸೋತಾವ ಆಮ್ಯಾಲ ಮೇಜಿನ ಮ್ಯಾಲ ತಪ್ಪು ಹಾಕ್ತಾನ. ಅದಕ್ಕ ಮೊದ್ಲೇ ಮೇಜಿನ ಬಾಯಿ ಮುಚ್ಚಿ ಬಿಡ್ತೀನಿ," ಎಂದು ನಗುತ್ತಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

ಇನ್ನೆರಡು ತಾಸಿನಲ್ಲಿ ಈ ಮೇಜುಗಳ ಮೇಲೆ ಯುದ್ಧ ನಡೆಯಲಿದೆ. ಬೆರಳುದ್ದದ ಗೊಂಬೆ ಸೈನಿಕರ ಯುದ್ಧ. ಇಂಗ್ಲಿಷಿನಲ್ಲಿ ಮಿನಿಯೇಚರ್ ವಾರ್‌ಗೇಮ್ ಎನ್ನುವ ಈ ಆಟದಲ್ಲಿ ಆಟಗಾರ ತಾನೇ ಬಣ್ಣ ಬಳಿದ ಪುಟ್ಟ ಸೈನ್ಯ ತರುತ್ತಾನೆ. ಪಾಳಿ ಬಂದಾಗ ನಿಯಮದಲ್ಲಿ ಹೇಳಿದಷ್ಟೇ ಇಂಚು ಸೈನಿಕರನ್ನು ಮುಂದೆ ಸರಿಸಬೇಕು. ಹೊಡೆತ ತಾಗಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಕಲಬುರಗಿಯ ಸಣ್ಣದೊಂದು ಗುಂಪು ವರ್ಷಕ್ಕೊಮ್ಮೆ ನಡೆಸುವ ಈ ಪಂದ್ಯಾವಳಿಗೆ ಈಗ ಬೀದರ್, ಸೋಲಾಪುರ, ಹೈದರಾಬಾದಿನಿಂದಲೂ ಜನ ಬರುತ್ತಾರೆ. ಗೆದ್ದವರ ಫೋಟೊ ಎಲ್ಲರೂ ನೋಡಿದ್ದಾರೆ. ಮೇಜಿನ ಪಕ್ಕ ನಿಂತು ತೀರ್ಪು ಹೇಳುವ ಈ ಹೆಂಗಸು ಯಾವ ಫೋಟೊದಲ್ಲೂ ಇಲ್ಲ. ಗಲ್ಲಿಯವರಿಗೆ ಅವರು ಜಂಪರು ಹೊಲಿಯುವ ಕಸ್ತೂರಿಬಾಯಿ, ಬಾಳೆ ವ್ಯಾಪಾರಿ ನೀಲಕಂಠರ ಹೆಂಡತಿ. ಅಷ್ಟೇ.

ಆಟಕ್ಕೆ ಅವರು ಬಂದದ್ದೂ ಹೊಲಿಗೆಯ ದಾರಿಯಿಂದಲೇ. ಗುಂಪು ಕಟ್ಟಿದ ವಿಶ್ವಾಸ, ಕಲಬುರಗಿಯ ಜಗತ್ ವೃತ್ತದ ಬಳಿಯ ಔಷಧ ಅಂಗಡಿಯಲ್ಲಿ ಕೆಲಸ ಮಾಡುವವರು. ಮೇಜಿಗೆ ಹಾಸುವ ಬಟ್ಟೆ ಹೊಲಿಸಲು ಅವರು ಇವರನ್ನು ಅದೇ ನಗರದ ಗಾಜಿಪುರದ ಸಭಾಗೃಹಕ್ಕೆ ಕರೆಸಿದ್ದರು. ಅಂಚು ಮಡಚಿ ಹೊಲಿಯುತ್ತಾ ಕೂತಿದ್ದಾಗ ಪಕ್ಕದ ಮೇಜಿನಲ್ಲಿ ಜಗಳ ಹತ್ತಿತು. ನುಗ್ಗಿದ ಗೊಂಬೆ ಎದುರಿನ ಗೊಂಬೆಯನ್ನು ಮುಟ್ಟಿತು ಅನ್ನುತ್ತಾನೆ ಒಬ್ಬ, ಇನ್ನೊಬ್ಬ ಮುಟ್ಟಿಲ್ಲ ಅನ್ನುತ್ತಾನೆ. ಇಬ್ಬರೂ ಪರಿಚಯದವರನ್ನು ಬಿಟ್ಟು ಹೊರಗಿನವರೊಬ್ಬರು ಅಳೆಯಲಿ ಎಂದರು. ಕೊರಳಲ್ಲಿ ಟೇಪು ಇದ್ದವರು ಇವರೊಬ್ಬರೇ.

"ಅಳದ್ ಹೇಳ್ದೆ, ಇಬ್ರೂ ಸುಮ್ಮನಾದ್ರು. ಆದ್ರ ಮನೀಗ್ ಬಂದ್ ಮ್ಯಾಲ ನನಗs ಸುಮ್ಮನಿರಾಕ ಆಗಲಿಲ್ರಿ. ಗೊಂಬಿ ಮೂಗಿನಿಂದ ಅಳೀಬೇಕೋ, ಕಾಲಾಗಿನ ಬಿಲ್ಲಿಯಿಂದ ಅಳೀಬೇಕೋ? ತಲಿ ತಿನ್ನಾಕತ್ತಿತು."

ಮರುವಾರ ಅವರೇ ಬಸ್ಸು ಹತ್ತಿ ಹೋಗಿ ವಿಶ್ವಾಸರನ್ನು ಕೇಳಿದರು. ಕಾಲಡಿಯ ಬಿಲ್ಲೆಯ ಅಂಚಿನಿಂದಲೇ ಅಳೆಯಬೇಕು ಎಂದು ಉತ್ತರ ಸಿಕ್ಕಿತು. ಅಲ್ಲಿಂದ ಶುರುವಾದ ಓದು ಒಂದು ವರ್ಷ ನಡೆಯಿತು. ಹತ್ತನೆಯವರೆಗೆ ಓದಿದ ಕಸ್ತೂರಿಬಾಯಿಗೆ ನಿಯಮಗಳ ಇಂಗ್ಲಿಷ್ ದಕ್ಕುತ್ತಿರಲಿಲ್ಲ. ವಿಶ್ವಾಸ ಫೋನಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು, ಇವರು ಮಶೀನಿನ ಮುಂದೆ ಕೂತು ತಿರುಗಿಸಿ ಒಪ್ಪಿಸುತ್ತಿದ್ದರು. ತಪ್ಪಿದರೆ ಮತ್ತೆ. ಗಿರಾಕಿಗಳು ನಗುತ್ತಿದ್ದರು. "ಈ ವಯಸ್ಸಿನಾಗ ಗೊಂಬಿ ಪಂಚಾಯ್ತಿ ಯಾಕಬೇ" ಎಂದು ಓಣಿಯ ಹಿರಿಯರು ಕೇಳುತ್ತಿದ್ದರು. ನೀಲಕಂಠ ಮಾತ್ರ ಹೆಂಡತಿ ಕಲಬುರಗಿಗೆ ಹೋಗುವ ಭಾನುವಾರಗಳಲ್ಲಿ ತಾವೇ ರೊಟ್ಟಿ ಬಡಿಯಲು ಕಲಿತರು. ವರ್ಷ ತುಂಬಿದಾಗ ವಿಶ್ವಾಸ ಇವರನ್ನೇ ಪಂದ್ಯಾವಳಿಯ ತೀರ್ಪುಗಾರರನ್ನಾಗಿ ನಿಲ್ಲಿಸಿದರು.

ಈ ಪಂದ್ಯಾವಳಿಯಲ್ಲಿ ಬರೀ ಗೆದ್ದರೆ ಕಪ್ಪು ಸಿಗುವುದಿಲ್ಲ. ಯುದ್ಧಕ್ಕೆ ಅಂಕ, ಬಣ್ಣಗಾರಿಕೆಗೆ ಅಂಕ, ಮೂರನೆಯದು ನಡತೆಗೆ. ಮೂರೂ ಕೂಡಿ ಹೆಚ್ಚು ಬಂದವರೇ ಚಾಂಪಿಯನ್. ನಡತೆಯ ಅಂಕವನ್ನು ಎದುರಾಳಿಗಳೇ ಒಬ್ಬರಿಗೊಬ್ಬರು ಕೊಡುವುದು ರೂಢಿ. ಅಳತೆಯನ್ನು ನಿಮಗೆ ಕಾಣುವಂತೆ ಹಿಡಿದರೇ? ದಾಳವನ್ನು ಬಿದ್ದಲ್ಲೇ ಬಿಟ್ಟು ತೋರಿಸಿದರೇ? ಸೋಲುವಾಗ ಬೇಕೆಂದೇ ಹೊತ್ತು ಕಳೆದರೇ? ಇವರ ಜೊತೆ ಇನ್ನೊಮ್ಮೆ ಆಡುತ್ತೀರಾ?

ಪ್ರಶ್ನೆಗಳು ಚೆನ್ನಾಗಿಯೇ ಇದ್ದವು. ಉತ್ತರಗಳೇ ಸರಿಯಿರಲಿಲ್ಲ. ಗೆಳೆಯ ಗೆಳೆಯನಿಗೆ ಪೂರ್ತಿ ಕೊಡುತ್ತಿದ್ದ, ಸೋತವನು ಸಿಟ್ಟಿಗೆ ಸೊನ್ನೆ ಹಾಕುತ್ತಿದ್ದ. ಅದೆಲ್ಲ ಸಣ್ಣ ಗೊಣಗಾಟದಲ್ಲಿ ಮುಗಿಯುತ್ತಿತ್ತು, ಮೂರು ವರ್ಷದ ಹಿಂದಿನ ಗಾಜಿಪುರದ ಆ ಪಂದ್ಯದವರೆಗೆ.

ಅಂದು ಸೆಮಿಫೈನಲ್. ಒಂದು ಕಡೆ ವಿವೇಕಾನಂದ. ಸಭಾಗೃಹದ ಮಾಲೀಕರೂ ಫರ್ನಿಚರ್ ಅಂಗಡಿಯವರೂ ಆದ ಶಿವಲಿಂಗ ಸಾಹುಕಾರರ ಅಣ್ಣನ ಮಗ. ಕೈಚಳಕದ ಆಟಗಾರ. ಇನ್ನೊಂದು ಕಡೆ ಖಾಜಾ. ಅದೇ ಅಂಗಡಿಯ ಮಂಚ, ಕಪಾಟುಗಳಿಗೆ ಪಾಲಿಶ್ ಹೊಡೆಯುವವರು. ವಿವೇಕಾನಂದ ಟೇಪು ತೆಗೆದ ಮೇಲೆ ಸೈನಿಕರನ್ನು ಇನ್ನೊಂದು ಬೆರಳು ಮುಂದೆ ತಳ್ಳಿದ್ದನ್ನು ಕಸ್ತೂರಿಬಾಯಿ ಕಂಡರು. ಎಚ್ಚರಿಸಿದರು. ಸ್ವಲ್ಪ ಹೊತ್ತಿಗೆ ಖಾಜಾ ಬಗ್ಗಿ ನೋಡುವ ಮೊದಲೇ ಅವನು ದಾಳ ಬಾಚಿಕೊಂಡ. ಮತ್ತೆ ಎಚ್ಚರಿಸಿದರು. ಮೂರನೆಯ ಸಲವೂ ಅದೇ ಆಯಿತು. ಪಂದ್ಯ ವಿವೇಕಾನಂದ ಗೆದ್ದ. ಖಾಜಾ ಅವನಿಗೆ ನಡತೆಯ ಪೂರ್ತಿ ಅಂಕ ಕೊಟ್ಟರು.

"ನಂದು ಪಾಲಿಶ್ ಕೆಲಸ ಪೂರಾ ಅವರ ದುಕಾನದಾಗೇ ಇತ್ರಿ. ಕಡಿಮಿ ಅಂಕ ಹಾಕಾಕ ಕೈನೇ ಏಳಲಿಲ್ಲ," ಎಂದು ಖಾಜಾ ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಅಕ್ಕ ನನಗ ಬೈಲಿಲ್ಲ. ಹೆಗಲ ಮ್ಯಾಲ ಕೈ ಇಟ್ಟು, ಚಾ ಕುಡಿ ಹೋಗು ಅಂದ್ರು, ಬಸ್."

ಖಾಜಾ ಚಹಾಕ್ಕೆ ಹೋದ ಮೇಲೆ ಕಸ್ತೂರಿಬಾಯಿ ತೀರ್ಪುಗಾರರ ಅಧಿಕಾರ ಬಳಸಿ ವಿವೇಕಾನಂದನ ನಡತೆಯ ಅಂಕ ಕಡಿತ ಮಾಡಿದರು. ಮರುದಿನ ಅವನು ಫೈನಲ್ ಗೆದ್ದ. ಆದರೆ ಒಟ್ಟು ಅಂಕದಲ್ಲಿ ಕಪ್ಪು ಕೈತಪ್ಪಿ ಬೀದರಿನ ಆಟಗಾರರೊಬ್ಬರ ಪಾಲಾಯಿತು.

ಆಮೇಲೆ ವಿಶ್ವಾಸ ಇವರನ್ನು ಬದಿಗೆ ಕರೆದರು. "ಅಕ್ಕಾ, ಆಡಿದ ಖಾಜಾನೇ ಪೂರ್ತಿ ಅಂಕ ಕೊಟ್ಟಾನ. ಅವ್ಗ ಇಲ್ಲದ ಸಿಟ್ಟು ನಮಗ್ಯಾಕ?"

"ಖಾಜಾ ಆಡಿದ್ದು ವಿವೇಕಾನಂದನ ಕೂಡ, ತಮ್ಮಾ. ಅಂಕ ಕೊಟ್ಟಿದ್ದು ಸಾಹುಕಾರ್ಗ," ಎಂದರು ಕಸ್ತೂರಿಬಾಯಿ.

ಸಾಹುಕಾರರೇ ಬಂದರು. ಎಲ್ಲರ ಮುಂದೆ ದನಿ ಏರಿಸಿದರು. "ಬಟ್ಟಿ ಹೊಲಿಯಾಕ ಬಂದಾಕಿ ನಮ್ಮ ಹುಡುಗಗ ನಡತಿ ಕಲಸ್ತಾಳೇನು? ಅಂಕ ತಿದ್ದರಿ. ಇಲ್ಲಂದ್ರ ನಾಳಿಂದ ಈ ಹಾಲ್‌ದ ಕೀಲಿ ಕೇಳಬ್ಯಾಡ್ರಿ."

"ಕೀಲಿ ನಿಮ್ದರಿ, ಇಟ್ಕೋರಿ. ಅಂಕ ನಂದಲ್ಲ. ಮೇಜಿನ ಮ್ಯಾಲ ಆದದ್ದನ್ನ ತಿದ್ದಾಕ ನನಗ ಬರಂಗಿಲ್ಲ."

ಆ ಮಾತಿಗೆ ಸಭಾಗೃಹ ಹೋಯಿತು, ಮೇಜುಗಳು ಹೋದವು. ಮುಂದಿನ ವರ್ಷ ಪಂದ್ಯಾವಳಿಯೇ ನಡೆಯಲಿಲ್ಲ. ಗುಂಪಿನಲ್ಲಿ ಕೆಲವರು ಬಹಿರಂಗವಾಗಿಯೇ ಇವರ ಮೇಲೆ ಹರಿಹಾಯ್ದರು. ಫೋನುಗಳು ನಿಂತವು. "ನಾ ತಪ್ಪು ಮಾಡೀನಿ ಅಂತ ಒಂದಿನಾನೂ ಅನಸಲಿಲ್ರಿ," ಎನ್ನುತ್ತಾರೆ ಅವರು. "ಆದ್ರ ಭಾನುವಾರ ಬಂತಂದ್ರ ಮನ್ಯಾಗ ಕುಂದ್ರಾಕ ಆಗ್ತಿದ್ದಿಲ್ಲ. ಅಷ್ಟು ಕಲ್ತದ್ದು ಯಾರ ಮುಂದ ಹೇಳಲಿ?"

ಕಮಲಾಪುರಕ್ಕೆ ಅವರನ್ನು ಹುಡುಕಿಕೊಂಡು ಬಂದವರು ಮುಬಶ್ಶಿರಾ. ಕಲಬುರಗಿಯ ಐವಾನ್-ಎ-ಶಾಹಿ ಕಡೆಯವರು, ಖಾಸಗಿ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾರೆ. ಗುಂಪಿನಲ್ಲಿ ಕುದುರೆ ಸೈನ್ಯ ಆಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಬಂದು ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ನೇರವಾಗಿ ಕೇಳಿದರು: "ಅಕ್ಕಾ, ನಿಮ್ಮೂರಾಗ ಜಾಗ ಇಲ್ಲೇನು?"

ಒಳಗಿದ್ದ ನೀಲಕಂಠ ಹೊರಗೆ ಬಂದು, "ನಮ್ ಶೆಡ್ ಅದಲ್ಲ?" ಎಂದರು.

ಅಲ್ಲಿಂದ ಕೆಲಸ ಓಡಿತು. ಹಳೆಯ ಬಾಗಿಲು, ಹಲಗೆಗಳನ್ನು ಇಟ್ಟಿಗೆ ಕಂಬಗಳ ಮೇಲೆ ಮಲಗಿಸಿ ಮೇಜು ಮಾಡಿದರು. ಖಾಜಾ ಕೆಲಸ ಬಿಟ್ಟು ಎರಡು ದಿನ ಇಲ್ಲೇ ಉಳಿದು ಅವುಗಳ ತರಕಲು ತಿಕ್ಕಿ ನುಣುಪು ಮಾಡಿದರು. ಆ ಹೊತ್ತಿಗೆ ಅವರು ಬೇರೆ ಅಂಗಡಿಗಳ ಪಾಲಿಶ್ ಕೆಲಸ ಹಿಡಿದಿದ್ದರು. ಕಸ್ತೂರಿಬಾಯಿ ಒಂದೇ ಷರತ್ತು ಹಾಕಿದರು. ನಡತೆಯ ಅಂಕವನ್ನು ಇನ್ನು ಮುಂದೆ ಚೀಟಿಯಲ್ಲಿ ಬರೆದು ಹಾಕುವಂತಿಲ್ಲ. ಪಂದ್ಯ ಮುಗಿದ ಮೇಲೆ ಇಬ್ಬರೂ ಚಹಾ ಕುಡಿಯಬೇಕು. ಸಿಟ್ಟು, ಸಂತೋಷ ಇಳಿದ ಮೇಲೆ ಒಬ್ಬೊಬ್ಬರೇ ತೀರ್ಪುಗಾರರ ಬಳಿ ಬಂದು ಅಂಕ ಹೇಳಿ, ಕಾರಣವನ್ನೂ ಹೇಳಬೇಕು. ಸೊನ್ನೆಗೂ ಕಾರಣ ಬೇಕು, ಪೂರ್ತಿಗೂ ಬೇಕು. ತೀರ್ಪುಗಾರರು ಕಂಡದ್ದು ಅದಕ್ಕೆ ಸೇರುತ್ತದೆ.

ಹೋದ ವರ್ಷ ಪಂದ್ಯಾವಳಿಯ ಬೆಳಿಗ್ಗೆ ಶೆಡ್ಡಿನ ಮುಂದೆ ಬಸ್ಸಿನಿಂದ ಇಳಿದವರಲ್ಲಿ ವಿವೇಕಾನಂದನೂ ಇದ್ದ. ಒಬ್ಬನೇ, ಎದೆಗೆ ಸೈನಿಕರ ಡಬ್ಬಿ ಅವಚಿಕೊಂಡು. ಮಾತಾಡುತ್ತಿದ್ದವರೆಲ್ಲ ಅವನಿಂದ ದೂರ ಸರಿದು ನಿಂತರು. ಕಸ್ತೂರಿಬಾಯಿ ಮಾತ್ರ ಎಲ್ಲರಿಗೂ ಹೇಳಿದ ಹಾಗೆಯೇ, "ನಿಮ್ಮ ಮೇಜು ಬಾಗ್ಲ ಕಡೀದು. ಚುರಮರಿ ಸುಸಲಾ ಅದ, ತಿಂದು ಬರ್ರಿ," ಎಂದರು.

ಅವನು ಗೆಲ್ಲುತ್ತಾ ಹೋದ. ಎದುರಿಗೆ ಮುಬಶ್ಶಿರಾ ಗೆಲ್ಲುತ್ತಾ ಬಂದರು. ಸಂಜೆಯ ಫೈನಲ್ ಅವರಿಬ್ಬರದೇ. ಶೆಡ್ಡಿನ ತುಂಬ ಜನ, ಓಣಿಯ ಹೆಂಗಸರೂ ಬಂದು ನಿಂತಿದ್ದರು. ಎಲ್ಲರ ಮನಸ್ಸೂ ಮುಬಶ್ಶಿರಾ ಕಡೆಗೆ. ಅವರಿಲ್ಲದಿದ್ದರೆ ಈ ಪಂದ್ಯಾವಳಿಯೇ ಇರುತ್ತಿರಲಿಲ್ಲ. ಕೊನೆಯ ಪಾಳಿಯಲ್ಲಿ ಅವರು ಕುದುರೆಗಳನ್ನು ವಿವೇಕಾನಂದನ ಬಾವುಟದ ಸೈನಿಕನ ಮೇಲೆ ನುಗ್ಗಿಸುವುದಾಗಿ ಹೇಳಿದರು. ಕುದುರೆ ನುಗ್ಗಬಹುದಾದದ್ದು ಎಂಟು ಇಂಚು. ಮುಟ್ಟಿದರೆ ಬಾವುಟ ಬೀಳುತ್ತದೆ, ಫೈನಲ್ ಅವರದು.

"ಮುಟ್ಟಂಗಿಲ್ಲ ಅನಸ್ತದ. ಅಳೀರಿ ಅಕ್ಕೋರೆ," ಎಂದ ವಿವೇಕಾನಂದ. ಸುತ್ತಲಿನವರು ಗುಜುಗುಜು ಅಂದರು. ಹಿಂದಿನಿಂದ ಯಾರೋ, "ಮತ್ತ ಶುರು ಆತು ನೋಡ್ರಿ ಇವಂದು" ಎಂದರು.

"ಸುಳ್ಳ್ಯಾಕ ಹೇಳ್ಲಿ," ಎಂದು ಕಸ್ತೂರಿಬಾಯಿ ನೆನೆಯುತ್ತಾರೆ. "ಆ ಹುಡುಗಿ ನನಗ ಹುಡಿಕ್ಕೊಂಡ ಬಂದಾಕಿ. ಮುಟ್ಟಲೆಪ್ಪಾ ಅಂತ ಮನಸಿನ್ಯಾಗ ಅನ್ಕೊಂಡೆ. ಆದ್ರ ಟೇಪ್ ಹಿಡದ್ ಮ್ಯಾಲ ಮನಸಿನ ಮಾತು ಕೇಳಬಾರದಲ್ರಿ."

ಬಿಲ್ಲೆಯ ಅಂಚಿನಿಂದ ಅಂಚಿಗೆ ಟೇಪು ಹಿಡಿದು ಅವರು ಹೇಳಿದರು: "ನಾ ಏನೂ ಹೇಳಂಗಿಲ್ಲ. ಮೊದ್ಲು ನೀವಿಬ್ರೂ ಬಗ್ಗಿ ನೋಡ್ರಿ."

ಮುಬಶ್ಶಿರಾ ಬಗ್ಗಿ ನೋಡಿದರು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಸಾಢೇ ಆಠ್. ಎಂಟೂವರಿ ಅದ. ನಂದು ಅರ್ಧ ಇಂಚು ಕಮ್ಮಿ. ಬಾವುಟ ಅವರ್ದೇ."

ವಿವೇಕಾನಂದ ಗೆದ್ದ. ಆದರೆ ಕೈಯೆತ್ತಲಿಲ್ಲ, ಕೂಗಲಿಲ್ಲ. ಯಾರ ತೀರ್ಪಿನಿಂದ ಹಿಂದೆ ಕಪ್ಪು ಕಳೆದುಕೊಂಡಿದ್ದನೋ ಆ ಕಸ್ತೂರಿಬಾಯಿಯ ಮುಖವನ್ನೇ ನೋಡುತ್ತಾ ನಿಂತ.

ಚಹಾ ಆಯಿತು. ಮುಬಶ್ಶಿರಾ ಅಂಕ ಹೇಳಲು ಬಂದರು. ವಿವೇಕಾನಂದನಿಗೆ ಪೂರ್ತಿ ಅಂಕ ಎಂದಾಗ ಕಸ್ತೂರಿಬಾಯಿ ಬಿಡಲಿಲ್ಲ. "ಖರೇನೇ ಕೊಡ್ತೀಯೋ, ದೊಡ್ಡಸ್ತಿಕಿ ತೋರ್ಸಾಕ ಕೊಡ್ತೀಯೋ?"

"ಖರೇನೇ ಅಕ್ಕಾ. ನಡುವ ನನ್ನ ಒಂದು ಕುದುರಿ ಬಿದ್ದು ಗುಡ್ಡದ ಹಿಂದ ಉಳ್ಳಿತ್ತು. ನಾ ನೋಡಿರಲಿಲ್ಲ. ಅವರೇ ಎತ್ತಿ ಇದ್ದ ಜಾಗಾದಾಗ ನಿಲ್ಸಿದ್ರು. ಸುಮ್ಮನಿದ್ದಿದ್ರ ಅವರಿಗೇ ಫಾಯ್ದಾ ಇತ್ತು."

ಅದನ್ನು ಕಸ್ತೂರಿಬಾಯಿಯೂ ಕಂಡಿದ್ದರು. ಮೂರೂ ಅಂಕ ಕೂಡಿದಾಗ ವಿವೇಕಾನಂದನೇ ಚಾಂಪಿಯನ್. ಹೆಸರು ಕೂಗಿದ ಕೂಡಲೇ ಮೊದಲ ಚಪ್ಪಾಳೆ ಬಿದ್ದದ್ದು ಖಾಜಾ ಅವರದು. ಆಮೇಲೆ ತಗಡಿನ ಮಾಡು ಹಾರಿಹೋಗುವಂತೆ ಶೆಡ್ಡು ಕೂಗಿತು. ಕಪ್ಪು ಕೊಟ್ಟವರು ಕಸ್ತೂರಿಬಾಯಿ. ಅವನು ಬಗ್ಗಿ ಅವರ ಕಾಲು ಮುಟ್ಟಿದ.

"ಸೋಲಾಪುರದಾಗ ಗೆದ್ದಿದ್ದೆ, ಹೈದರಾಬಾದಿನ್ಯಾಗ ಗೆದ್ದಿದ್ದೆ," ಎನ್ನುತ್ತಾನೆ ವಿವೇಕಾನಂದ. "ಆದ್ರ ಈ ಅಕ್ಕೋರ ಮುಂದ ಗೆದ್ರs ಗೆದ್ದಂಗ ಅಂತ ಇತ್ತು. ಅವತ್ತು ಇಡೀ ಶೆಡ್ಡಿನ್ಯಾಗ ನನ್ನ ಕಡೆ ಯಾರೂ ಇದ್ದಿಲ್ರಿ. ನ್ಯಾಯ ಇತ್ತು."

ಫೈನಲ್ ಹೊತ್ತಿಗೆ ಬಂದು ಬಾಗಿಲ ಬಳಿ ನಿಂತು ನೋಡುತ್ತಿದ್ದ ಶಿವಲಿಂಗ ಸಾಹುಕಾರರು ಜನ ಕರಗಿದ ಮೇಲೆ ಒಳಗೆ ಬಂದರು. "ಬಾಯಾರೆ, ಅವತ್ತು ನಾ ಆಡಿದ ಮಾತು ತಪ್ಪಾತು," ಎಂದರು. "ಗಾಜಿಪುರದ ಹಾಲ್ ನಿಮ್ದಂತ ತಿಳೀರಿ. ಯಾವ ಶರತ್ತೂ ಇಲ್ಲ."

"ಬರ್ತೀವ್ರಿ," ಎಂದರು ಕಸ್ತೂರಿಬಾಯಿ. "ಆದ್ರ ಫೈನಲ್ ಮಾತ್ರ ನಮ್ಮ ಕಮಲಾಪುರದಾಗs."

ಹಾಗೆಯೇ ನಡೆದಿದೆ. ಈ ಸಲದ ಮೊದಲ ಸುತ್ತುಗಳು ಹೋದ ವಾರ ಗಾಜಿಪುರದಲ್ಲಿ ಮುಗಿದಿವೆ. ಕೊನೆಯ ಸುತ್ತುಗಳು ಇಂದು ಇಲ್ಲಿ. ಇವರು ಕಟ್ಟಿದ ಅಂಕದ ಪದ್ಧತಿಯನ್ನು ಸೋಲಾಪುರದವರು ತಮ್ಮ ಪಂದ್ಯಾವಳಿಗೂ ತೆಗೆದುಕೊಂಡಿದ್ದಾರೆ, ಬರುವ ತಿಂಗಳು ಮುಖ್ಯ ತೀರ್ಪುಗಾರರಾಗಿ ಬನ್ನಿ ಎಂದು ಇವರನ್ನೇ ಕರೆದಿದ್ದಾರೆ. ಗೊಂಬಿ ಪಂಚಾಯ್ತಿ ಎಂದು ನಕ್ಕಿದ್ದ ಓಣಿಯ ಹಿರಿಯರು ಈಗ ಊರ ಜಗಳಗಳಿಗೂ ಇವರನ್ನು ಕರೆಯಲು ಬರುತ್ತಾರಂತೆ. "ಹೊಲದ ಬದು ಅಳ್ಯಾಕ ನನ್ನ ಟೇಪ್ ಸಾಲಂಗಿಲ್ಲ ಅಂತ ಹೇಳಿ ಕಳಸ್ತೀನ್ರಿ," ಎಂದು ನಗುತ್ತಾರೆ.

ಹೊರಗೆ ಬಸ್ಸು ನಿಂತ ಸದ್ದು. ಡಬ್ಬಿಗಳನ್ನು ಹಿಡಿದ ಆಟಗಾರರು ಒಬ್ಬೊಬ್ಬರೇ ಒಳಗೆ ಬಂದು, "ಅಕ್ಕಾ, ಆರಾಮ್?" ಎನ್ನುತ್ತಿದ್ದಾರೆ. ಇಷ್ಟೆಲ್ಲ ಆದ ಮೇಲೆ ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ. ಕಸ್ತೂರಿಬಾಯಿ ಹೇಳಲೋ ಬೇಡವೋ ಎನ್ನುವಂತೆ ಅತ್ತಿತ್ತ ನೋಡುತ್ತಾರೆ.

"ಇಷ್ಟು ವರ್ಷ ಮಂದಿ ಆಟ ನೋಡೇ ನೋಡ್ದೆ. ಒಂದ್ ಸಲನೂ ನಾ ಆಡಿಲ್ರಿ. ಮುಬಶ್ಶಿರಾಗ ಹೇಳೀನಿ, ನನಗೊಂದು ಸಣ್ಣ ಸೈನ್ಯಾ ಬಣ್ಣಾ ಹಚ್ಚಿ ಕೊಡು ಅಂತ. ಸೋಲ್ತೀನಿ, ಅದು ಗೊತ್ತದ. ಸೋತ್ರ ಸೋತೆ ಬಿಡ್ರಿ. ಆದ್ರ ನಡತಿದಾಗ ಮಾತ್ರ ಒಂದ್ ಅಂಕಾನೂ ಬಿಟ್ಟು ಕೊಡಂಗಿಲ್ಲ."