ಕಡಲಲ್ಲಿ ನನ್ನ ಕೈ ಹಿಡಿದವರು

ಸತ್ತವರು ಕಾಣಿಸಿಕೊಂಡರು, ದೂರದಲ್ಲಿದ್ದವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಎದುರಿಗೇ ನಗುತ್ತಿದ್ದೆ. ಬೈಲಹೊಂಗಲದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಲೇ ತಲೆ ಬೆಳ್ಳಗಾದವಳು ನಾನು. ಇಂಥ ಕಥೆ ಹೇಳುವ ಮಕ್ಕಳಿಗೆ "ನೀ ಖುದ್ದ ನೋಡೀಯೇನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅದೇ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಿದರೆ ಏನು ಹೇಳಬೇಕೋ ತಿಳಿಯದು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ.

ನಿವೃತ್ತಿಯಾದ ವರ್ಷ ನಾನೂ ನಮ್ಮ ಮನೆಯವರೂ ಅಂಡಮಾನಿಗೆ ಹೊರಟೆವು. ಇಬ್ಬರಿಗೂ ಅದೇ ಮೊದಲ ವಿಮಾನ. ಉಗರಗೋಳದಲ್ಲಿದ್ದ ನನ್ನ ಅಕ್ಕನನ್ನೂ ಬಾ ಎಂದು ಗೋಗರೆದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಊರ ಪಕ್ಕದ ದೇವಿಯ ಗುಡ್ಡಕ್ಕೆ ಹೋಗುವ ಭಕ್ತರಿಗೆ ಕಾಯಿ, ಕುಂಕುಮ, ಭಂಡಾರ ಮಾರಿ ಬದುಕಿದವಳು. ಸಮುದ್ರವನ್ನು ಒಮ್ಮೆಯೂ ಕಂಡವಳಲ್ಲ. "ಅಂಗಡಿ ಬಿಟ್ಟ ಎಲ್ಲಿ ಬರ್ಲಿ? ನೀ ನೋಡಿ ಬಾ, ಬಂದ ಮ್ಯಾಲ ನನಗ ಹೇಳು," ಎಂದಳು.

ಹೊರಡುವ ಮುನ್ನ ಅವಳ ಮನೆಗೆ ಹೋದೆ. ನಮ್ಮ ಕಡೆ ಹೆಣ್ಣುಮಕ್ಕಳು ದೂರ ಹೊರಟರೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು ಹಾಕಿ ಉಡಿ ತುಂಬುತ್ತಾರೆ. ಗಂಡ ಇಲ್ಲದವರು ತುಂಬುವಂತಿಲ್ಲ ಎನ್ನುತ್ತಾರೆ. ಅಕ್ಕ ಪಕ್ಕದ ಮನೆಯ ಗಂಗವ್ವನನ್ನು ಕರೆಯಹೊರಟಳು. ನನಗೆ ಸಿಟ್ಟು ಬಂತು. "ನೀ ತುಂಬಿದ್ರ ಹೋಗತೇನಿ, ಇಲ್ಲಾಂದ್ರ ಹೋಗೂದ ಇಲ್ಲ," ಎಂದು ಸೆರಗು ಒಡ್ಡಿ ಕುಳಿತೆ. ಅಕ್ಕ ಹೊಸ್ತಿಲಿನಿಂದ ಮರಳಿ ಬಂದು ತುಂಬಿದಳು. "ಮನೀಗೆ ಬರೂತನಾ ಉಡಿ ಬಿಚ್ಚಬ್ಯಾಡ ತಂಗಿ," ಎಂದಳು.

ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೈಚೀಲದಲ್ಲಿ ಇಟ್ಟುಕೊಂಡೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿತ್ತು. ಒಣಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹತ್ತುವ ವಸ್ತು, ಒಯ್ಯುವಂತಿಲ್ಲವಂತೆ. ವಿಜ್ಞಾನ ಕಲಿಸಿದವಳಿಗೆ ಇದು ಹೊಳೆದಿರಲಿಲ್ಲ ನೋಡಿ! ಗಂಟು ಬಿಚ್ಚಿ, ಕೊಬ್ಬರಿ ತೆಗೆದುಕೊಟ್ಟು, ಉಳಿದದ್ದನ್ನು ಮತ್ತೆ ಕಟ್ಟಿದೆ. ಮನೆಯವರು ನಕ್ಕರು, ನಾನೂ ನಕ್ಕೆ.

ಪೋರ್ಟ್ ಬ್ಲೇರಿನಿಂದ ಹಡಗಿನಲ್ಲಿ ಒಂದು ಸಣ್ಣ ದ್ವೀಪಕ್ಕೆ ಹೋಗಿ, ಅಲ್ಲಿ ಎರಡು ದಿನ ಹಾಯಾಗಿದ್ದೆವು. ಫೋನಿಗೆ ಸಿಗ್ನಲ್ ಇರಲಿಲ್ಲ, ಅದೂ ಒಂದು ಸುಖವೇ ಅನ್ನಿಸಿತ್ತು. ಮೂರನೆಯ ದಿನ ಊಟವಾದ ಮೇಲೆ ಮನೆಯವರು ದಂಡೆಯ ಮರದ ನೆರಳಿನಲ್ಲಿ ಅಡ್ಡಾದರು. ನಾನು ಸೀರೆ ಎತ್ತಿಕಟ್ಟಿ ಮೊಣಕಾಲುಮಟ್ಟದ ನೀರಿನಲ್ಲಿ ನಿಂತೆ. ತೆರೆ ಹಿಂದೆ ಸರಿಯುವಾಗ ಪಾದದಡಿಯ ಉಸುಕು ಜಾರಿತು, ನಾನು ವಾಲಿದೆ. ಆಗ ಯಾರೋ ನನ್ನ ಎಡಗೈಯ ಮಣಿಕಟ್ಟು ಹಿಡಿದರು.

ಮನೆಯವರೇ ಬಂದರು ಅಂದುಕೊಂಡೆ. ತಿರುಗಿದರೆ ಯಾರೂ ಇಲ್ಲ. ಅವರು ಮರದ ಕೆಳಗೆ ಮಲಗೇ ಇದ್ದರು. ಹಿಡಿತ ಮಾತ್ರ ಸಡಿಲಾಗಲಿಲ್ಲ. ದಿನವಿಡೀ ಕಾಯಿ ಸುಲಿದು ಒರಟಾದ ಅಂಗೈ ಅದು, ನನಗೆ ಗುರುತಿಲ್ಲದ್ದಲ್ಲ. ಒಂದಿಷ್ಟೂ ಹೆದರಿಕೆಯಾಗಲಿಲ್ಲ. ಸಣ್ಣವಳಿದ್ದಾಗಿನ ಹಾಗೆ ಸುಮ್ಮನೆ ನಿಂತುಬಿಟ್ಟೆ. ಒಂದಾದ ಮೇಲೊಂದು ತೆರೆ ಬಂದು ಹೋದವು. ಅಷ್ಟರಲ್ಲಿ ಮನೆಯವರು ಎದ್ದು, "ಸಾಕ ಬಾ ಇನ್ನ, ಬಿಸಲ ಐತಿ," ಎಂದು ಕೂಗಿದರು. ಸೀರೆ ಹಿಡಿದುಕೊಳ್ಳಲು ಕೈ ಎಳೆದುಕೊಂಡು ದಂಡೆಗೆ ಬಂದೆ. ಆದದ್ದನ್ನು ಹೇಳಿದರೆ, "ತಲಿ ತಿರಗೇತಿ, ಎಳನೀರ ಕುಡಿ," ಎಂದರು.

ಮರುದಿನ ಹಡಗಿನಲ್ಲಿ ಪೋರ್ಟ್ ಬ್ಲೇರಿಗೆ ಬಂದಾಗ ಗಂಗವ್ವನ ಮಗನ ಫೋನ್ ಬಂತು. ಹಿಂದಿನ ದಿನ ಅಕ್ಕ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದಳು. ಸವದತ್ತಿಯ ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. "ನಿಮ್ಮ ಫೋನ್ ಹತ್ತಲೇ ಇಲ್ರಿ ಬಾಯಾರ. ಮಣ್ಣ ಮಾಡಿ ಬಂದೇವ್ರಿ," ಎಂದ.

ಮರಳುವ ವಿಮಾನದಲ್ಲಿ ಸುತ್ತಲಿನವರೆಲ್ಲ ಸಮುದ್ರದ ಫೋಟೋ ನೋಡುತ್ತ ನಗುತ್ತಿದ್ದರು. ರಜೆ ಹೇಗಿತ್ತು ಎಂದು ಗಗನಸಖಿ ಕೇಳಿದಳು. ಚೆನ್ನಾಗಿತ್ತು ಎಂದೆ. ಆಮೇಲೆ ಮುಖಕ್ಕೆ ಸೆರಗು ಹಾಕಿಕೊಂಡು, ವಿಮಾನ ಇಳಿಯುವವರೆಗೂ ಅತ್ತೆ.

ಉಗರಗೋಳಕ್ಕೆ ಹೋದಾಗ ಗಂಗವ್ವ ನನ್ನನ್ನು ತಬ್ಬಿಕೊಂಡು ಹೇಳಿದಳು: "ಹೋಗೂ ಹೊತ್ತಿನ್ಯಾಗ ಏನೇನೋ ಅಂದ್ಳ್ರಿ. 'ಕಾಲಾಗಿನ ಉಸುಕ ಜಾರಾಕ ಹತ್ತೇತಿ, ನೀರ ಎಳ್ಯಾಕ ಹತ್ತೇತಿ, ಕೈ ಬಿಡಬ್ಯಾಡ' ಅಂದ್ಳು. ನಾ ಕೈ ಹಿಡಕೊಂಡ ಕುಂತಿದ್ನಿರಿ, ಆದ್ರೂ ಅದನ್ನ ಅನ್ನಾಕ ಹತ್ತಿದ್ಳು. ಆಮ್ಯಾಲ ಒಮ್ಮೆಲೆ ಸುಮ್ಮನಾದ್ಳು." ಯಾವಾಗ ಎಂದು ಕೇಳಿದೆ. ಮಧ್ಯಾಹ್ನ, ಊಟದ ಹೊತ್ತು ಮುಗಿದ ಮೇಲೆ ಎಂದಳು. ನಾನು ನನ್ನ ಎಡಗೈಯ ಮಣಿಕಟ್ಟು ನೋಡಿಕೊಂಡೆ.

ನಾನು ಸಣ್ಣವಳಿದ್ದಾಗ ಮಲಪ್ರಭಾ ನದಿಯಲ್ಲಿ ನನ್ನ ಕೈ ಹಿಡಿದು ಜಳಕ ಮಾಡಿಸುತ್ತಿದ್ದದ್ದು ಅಕ್ಕನಿಗೆ ನೆನಪಾಗಿರಬೇಕು ಎಂದು ಮನೆಯವರು ಸಮಾಧಾನ ಹೇಳಿದರು. ಇರಬಹುದು. ಮಾತಾಡಿಸಲು ಬಂದ ಹೆಂಗಸರು ಮಾತ್ರ, ದಾರಿಯಲ್ಲಿ ಗಂಟು ಬಿಚ್ಚಿದ್ದನ್ನು ನನ್ನ ಬಾಯಿಂದಲೇ ಕೇಳಿ, "ಗಂಡ ಇಲ್ಲದಾಕಿ ಉಡಿ ತುಂಬಿದ್ಳು, ಇಕಿ ನಡುದಾರ್ಯಾಗ ಬಿಚ್ಚಿದ್ಳು," ಎಂದು ಗುಸುಗುಸು ಮಾಡಿದರು. ಅವರನ್ನು ಚೆನ್ನಾಗಿ ಬೈದು ಕಳಿಸಿದೆ. ಆದರೂ ಆ ಮಾತು ಒಳಗೊಳಗೇ ಚುಚ್ಚುತ್ತದೆ, ಸುಳ್ಳೇಕೆ ಹೇಳಲಿ.

ಇದೆಲ್ಲ ಕಾಕತಾಳೀಯ ಎನ್ನಬಹುದು. ನನ್ನ ವಿದ್ಯಾರ್ಥಿಗಳಿಗಾದರೆ ನಾನೂ ಹಾಗೇ ಹೇಳುತ್ತಿದ್ದೆ. ಬೀಳುತ್ತಿದ್ದ ನನ್ನನ್ನು ಹಿಡಿಯಲು ಅಕ್ಕ ಬಂದಿದ್ದಳು ಎಂದು ನಂಬಿದ್ದರೂ ಒಂದು ನೆಮ್ಮದಿ ಇರುತ್ತಿತ್ತು. ಗಂಗವ್ವನ ಮಾತು ಕೇಳಿದ ಮೇಲೆ ಆ ನೆಮ್ಮದಿಯೂ ಇಲ್ಲ. ಬೀಳುತ್ತಿದ್ದವಳು ಅವಳೇ ಇದ್ದಳೋ ಏನೋ. ಆಸರೆಗೆ ನನ್ನ ಕೈ ಹುಡುಕಿಕೊಂಡು ಅಷ್ಟು ದೂರ ಬಂದಿದ್ದಳೋ ಏನೋ. ನನಗೆ ಗೊತ್ತಿಲ್ಲ. ಆ ಕೈ ತಾನಾಗಿ ನನ್ನನ್ನು ಬಿಡಲಿಲ್ಲ. ನಾನೇ ಎಳೆದುಕೊಂಡೆ.