ಗುಡ್ಡದ ಹಾದಿಯಲ್ಲಿ ಭಾವನವರು ಎದುರಾದಾಗ

ಸಹನಾ, ವೀರೇಶ,

ನೀವು ಧಾರವಾಡದಿಂದ ಕಳಿಸಿದ ವೀಡಿಯೊ ನೋಡಿದೆ. ಒಂದು ಸಲವಲ್ಲ, ನಾಲ್ಕಾರು ಸಲ ನೋಡಿದೆ. ಯಾವುದೋ ದೇಶದ ಮುದುಕಿ. ತಲೆ ಪೂರ್ತಿ ಬೆಳ್ಳಗೆ. ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು, ಹಿಮದ ಗುಡ್ಡದ ಮೇಲಿಂದ ಸುಂಯ್ ಎಂದು ಜಾರಿ ಬಂದಳು. ಕೆಳಗೆ ನಿಂತವರು ಚಪ್ಪಾಳೆ ತಟ್ಟಿದರು.

ಅದಾದ ಮುಂದಿನ ಭಾನುವಾರವೇ ನಾನೂ ಕಪ್ಪತಗುಡ್ಡದಲ್ಲಿ ಜಾರಿದೆ. ಹಿಮ ಇರಲಿಲ್ಲ. ಪಟ್ಟಿ ಇರಲಿಲ್ಲ. ಚಪ್ಪಾಳೆಯನ್ನಂತೂ ಯಾರೂ ತಟ್ಟಲಿಲ್ಲ.

(ಹೆದರಬೇಡಿ. ಎಲುಬು ಮುರಿದಿಲ್ಲ. ಎಕ್ಸ್‌ರೇ ತೆಗೆಸಿ ನೋಡಿಯಾಗಿದೆ. ನಿಮ್ಮ ಅಪ್ಪ ಫೋನಿನಲ್ಲಿ ಹೇಳಿದ್ದಕ್ಕಿಂತ ಕಡಿಮೆಯೇ ಪೆಟ್ಟಾಗಿದೆ.)

ಬಿದ್ದದ್ದು ದೊಡ್ಡ ಸುದ್ದಿಯಲ್ಲ. ಬಿದ್ದ ಮೇಲೆ ಮನೆಯಲ್ಲಿ ಎದ್ದ ಮಾತು ದೊಡ್ಡದು. ಇನ್ನು ಮುಂದೆ ಗುಡ್ಡ ಬಂದ್ ಎಂದರು ನಿಮ್ಮ ಅಪ್ಪ. ನೀವು ಕೊಡಿಸಿದ ಶೂಗಳನ್ನು ಅಟ್ಟದ ಮೇಲೆ ಇಟ್ಟರು. ನನ್ನ ಕೈಗೆ ಎಟುಕದ ಹಾಗೆ.

ನಿಮಗೆ ಗೊತ್ತು, ನನ್ನ ತವರು ಆ ಗುಡ್ಡದ ಬುಡದ ಊರು. ಲಂಗ ಎತ್ತಿ ಕಟ್ಟಿ ಆಡಿನ ಹಿಂದೆ ಓಡಿದ ಹಾದಿ ಅದು. ಏಳನೇ ಇಯತ್ತೆ ಮುಗಿಯಿತು, ಮದುವೆಯಾಯಿತು, ಗುಡ್ಡ ಬಸ್ಸಿನ ಕಿಟಕಿಯಲ್ಲಿ ಮಾತ್ರ ಉಳಿಯಿತು. ನಿಮ್ಮ ಅಜ್ಜ ಹೋದ ಮೇಲೆ ನನಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ. ಕುಳಿತರೆ ಕಾಲೊಳಗೆ ಇರುವೆ ಹರಿದಾಡಿದಂತೆ. ಯಾರಿಗೆ ಹೇಳಲಿ? ಹೇಳುವ ಸ್ವಭಾವವೂ ನನ್ನದಲ್ಲ.

ನಮ್ಮ ಓಣಿಯ ಹಸೀನಾಬಿ, ಅದೇ ಕುಪ್ಪಸ ಹೊಲಿಯುವಾಕೆ, ಒಂದು ದಿನ ನೋಡಿ ನೋಡಿ ಸಾಕಾಗಿ ಕೇಳಿದಳು. "ಹಿಂಗ ತಿರಗೂದ ತಿರಗತಿ, ಒಂದ ಗುಡ್ಡನರ ಹತ್ತಬಾರದೇನ ಗಂಗಕ್ಕಾ? ನೆಲಾ ಸವದ ಹೋಗಾಕತ್ತೈತಿ."

ಅಂದಿನಿಂದ ನಾವಿಬ್ಬರೂ ಭಾನುವಾರ ಗದಗ-ಬೆಟಗೇರಿಯಿಂದ ಮೊದಲ ಬಸ್ಸು ಹಿಡಿದು ಗುಡ್ಡದ ಕೆಳಗಿನ ಡೋಣಿಯಲ್ಲಿ ಇಳಿಯುತ್ತೇವೆ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಕರೆಂಟು ತೆಗೆಯುವ ಗಾಳಿಕಂಬಗಳ ಸದ್ದು ಕೇಳುವ ತನಕ ಹತ್ತುವುದು, ಗಾಳಿಗೆ ಸೆರಗು ಬಿಟ್ಟು ಕೂರುವುದು, ಇಳಿಯುವುದು. ಮೇಲೆ ಹೋಗಿ ಏನು ಮಾಡುತ್ತೀರಿ ಎಂದು ಜನ ಕೇಳುತ್ತಾರೆ. ಏನೂ ಮಾಡುವುದಿಲ್ಲ. ಏನೂ ಮಾಡದೆ ಕೂರಲು ನನಗೆ ಆಗುವುದು ಅಲ್ಲಿ ಮಾತ್ರ.

ಇರಲಿ. ಬಿದ್ದ ದಿನಕ್ಕೆ ಬರುತ್ತೇನೆ.

ಮುಕ್ಕಾಲು ಹಾದಿ ಹತ್ತಿದ್ದೆವು. ಹಾದಿ ಅಲ್ಲಿ ಸಣ್ಣದು, ಒಬ್ಬರು ಹೋಗುವಷ್ಟು. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಕೆಂಪು ಗರಸಿನ, ಸಡಿಲ ಪುಡಿಗಲ್ಲಿನ ಇಳಿಜಾರು. ಮೇಲಿಂದ ಕೋಲಿನ ಸದ್ದು ಬಂತು. ತಲೆ ಎತ್ತಿದರೆ, ಬಿಳಿ ಧೋತರ, ಕಪ್ಪು ಕೋಟು. ಹಿರೇವಡ್ಡಟ್ಟಿಯ ನಿಮ್ಮ ದೊಡ್ಡಜ್ಜ. ನಿಮ್ಮ ಅಜ್ಜನ ಖಾಸಾ ಅಣ್ಣ, ನನ್ನ ಭಾವನವರು!

ಅವರಿಗೆ ಎಂಬತ್ತರ ಹತ್ತಿರ. ಮಂಡಿ ನೋವೆಂದು ಹೊಲಕ್ಕೂ ಗಾಡಿಯ ಮೇಲೆ ಹೋಗುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಅವರ ಮಕ್ಕಳೂ ಹಾಗೆಯೇ ತಿಳಿದಿದ್ದರು.

ಈಗ ನಿಮಗೆ ಒಂದು ವಿಷಯ ಹೇಳಬೇಕು. ನೀವು ನಗುತ್ತೀರಿ. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಭಾವನವರ ಜೊತೆ ನೇರವಾಗಿ ಮಾತಾಡಿದವಳೇ ಅಲ್ಲ. ಊಟಕ್ಕೆ ಏಳಿ ಎನ್ನಲು ಮಕ್ಕಳನ್ನು ಕಳಿಸುತ್ತಿದ್ದೆ. ಮಕ್ಕಳಿಲ್ಲದಿದ್ದರೆ ತಂಬಿಗೆಯನ್ನು ನೆಲಕ್ಕೆ ಸದ್ದಾಗುವಂತೆ ಇಡುತ್ತಿದ್ದೆ. ಅವರು ಹಾದಿಯಲ್ಲಿ ಎದುರಾದರೆ ಸೆರಗು ಹೊದ್ದು, ಹಾದಿ ಬಿಟ್ಟು, ಬೆನ್ನು ಮಾಡಿ ನಿಲ್ಲಬೇಕು. ನಮ್ಮತ್ತೆ ಕಲಿಸಿದ್ದು. ಜಗಳವೂ ಇಲ್ಲ, ಹೆದರಿಕೆಯೂ ಇಲ್ಲ. ಮರ್ಯಾದೆ, ಅಷ್ಟೇ.

ತಲೆ ಯೋಚಿಸುವ ಮೊದಲೇ ನನ್ನ ಕೈ ಸೆರಗು ಎಳೆದಿತ್ತು, ಕಾಲು ಹಾದಿ ಬಿಟ್ಟಿತ್ತು. ಅದು ಹಿರೇವಡ್ಡಟ್ಟಿಯ ಊರಬಾಗಿಲ ಅಗಸಿಯಲ್ಲ, ಗುಡ್ಡ ಎಂಬ ನೆನಪು ಕಾಲಿಗೆ ಇರಲಿಲ್ಲ. ಬೆನ್ನು ತಿರುಗಿಸಿದೆ ನೋಡಿ, ಗರಸು ಸರಕ್ಕೆಂದು ಸರಿಯಿತು. ಕವಳಿಯ ಮುಳ್ಳುಕಂಟಿ ಹಿಡಿದು ನಿಲ್ಲಿಸಿತು, ಇಲ್ಲವಾದರೆ ಡೋಣಿಗೆ ಬಸ್ಸಿಗಿಂತ ಮೊದಲು ಮುಟ್ಟುತ್ತಿದ್ದೆ.

ಹಸೀನಾಬಿಗೆ ಅವರು ಯಾರೆಂದು ಗೊತ್ತಿಲ್ಲ. ಹಿಂದಿನಿಂದ ಓಡಿ ಬಂದವಳೇ ಅವರ ಮೇಲೆ ಹರಿಹಾಯ್ದಳು. "ಏನ್ರಿ ಯಜಮಾನ್ರ, ನಿಂತ ನೋಡ್ತೀರೇನು? ಕೈ ಹಿಡದ ಎತ್ರಿ ಆಕಿನ್ನ."

ಹೇಗೆ ಹಿಡಿಯಬೇಕು? ತಮ್ಮನ ಹೆಂಡತಿಯ ಕೈಯನ್ನು! ಭಾವನವರು ಒಂದು ಗಳಿಗೆ ಸಂಕಟಪಟ್ಟರು. ಆಮೇಲೆ ಕೂತು, ಕೋಲಿನ ತುದಿಯನ್ನು ನನ್ನ ಕಡೆ ಚಾಚಿದರು. ನಾನು ಆ ತುದಿ ಹಿಡಿದೆ, ಅವರು ಈ ತುದಿ ಹಿಡಿದು ಎಳೆದರು. ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡಿಕೊಂಡಿದ್ದೆವು. ಬಾವಿಯಿಂದ ಕೊಡ ಎತ್ತಿದ ಹಾಗಿತ್ತು ಎಂದು ಹಸೀನಾಬಿ ಇವತ್ತಿಗೂ ನಗುತ್ತಾಳೆ.

ನಾನು ಹಾದಿಯ ಅಂಚಿನಲ್ಲಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದೆ. ಭಾವನವರು ಒಂದು ಮಾರು ದೂರದಲ್ಲಿ ನಿಂತು ಹಸೀನಾಬಿಗೆ ಹೇಳಿದರು. "ನಾ ಇಲ್ಲಿಗೆ ಬರೂದು ಮನ್ಯಾಗ ಗೊತ್ತಿಲ್ಲವಾ. ಗೊತ್ತಾತಂದ್ರ ನನ್ನ ಕಟ್ಟಿ ಹಾಕ್ತಾವ ಮಕ್ಕಳು. ಯಾರ ಮುಂದೂ ಹೇಳಬ್ಯಾಡಂತ ಆಕಿಗೆ ಹೇಳು."

ಹಸೀನಾಬಿ ನನ್ನ ಕಡೆ ತಿರುಗಿ, ಕೇಳಿಸಿತೇ ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಅವಳು ಅವರ ಕಡೆ ತಿರುಗಿ, ಕೇಳಿಸಿತಂತೆ ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಮನೆಗೆ ಬಂದೆ. ಕಾಲು ಕುಂಬಳಕಾಯಿಯಂತೆ ಊದಿತ್ತು. ಆಮೇಲೆ ಶುರುವಾಯಿತು ನೋಡಿ ಫೋನುಗಳು. ಲಕ್ಷ್ಮೇಶ್ವರದ ಬೀಗರು ಮಾಡಿದರು. ಶಿರಹಟ್ಟಿಯಿಂದ ನಿಮ್ಮ ಅತ್ತೆ ಮಾಡಿದಳು. ಮುಂಡರಗಿಯ ಸಂಬಂಧಿಕರು ಮನೆಗೇ ಬಂದರು. ಎಲ್ಲರ ಬಾಯಲ್ಲೂ ಒಂದೇ ಶಬ್ದ: ವಯಸ್ಸು. ವಯಸ್ಸಾಯಿತಲ್ಲ, ಇನ್ನೇಕೆ? ಈ ವಯಸ್ಸಿನಲ್ಲಿ ಬೇಕಿತ್ತೇ? ವಯಸ್ಸು ಕೇಳುತ್ತದೆಯೇ?

ಹೋದ ವರ್ಷ ವೀರೇಶ ಬೈಕಿನಿಂದ ಬಿದ್ದನಲ್ಲ, ಆಗ ಎಲ್ಲರೂ ಏನೆಂದರು? ರಸ್ತೆಯಲ್ಲಿ ಗುಂಡಿ ಇತ್ತು ಎಂದರು. ನಿನಗೆ ವಯಸ್ಸು ಇಪ್ಪತ್ತು, ಅದಕ್ಕೇ ಬಿದ್ದೆ ಎಂದು ಯಾರಾದರೂ ಅಂದರೇ? ನೀವು ಬಿದ್ದರೆ ರಸ್ತೆ ಕಾರಣ. ನಾನು ಬಿದ್ದರೆ ನಾನೇ ಕಾರಣ.

ಇನ್ನೊಂದು ಮಾತು. ನಿಮ್ಮ ಅಪ್ಪ ಬಗಲಲ್ಲಿದ್ದಾಗ ಹೊಲದಿಂದ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುತ್ತಿದ್ದೆ. ಆಗ ನನ್ನ ಮಂಡಿಯ ಬಗ್ಗೆ ಯಾರೂ ಕೇಳಲಿಲ್ಲ. ಈಗ ಬರಿಗೈಯಲ್ಲಿ, ನನ್ನ ಖುಷಿಗೆ ನಡೆದರೆ ಊರಿಗೆಲ್ಲ ನನ್ನ ಮಂಡಿಯದೇ ಚಿಂತೆ. ಕಾಲು ಸವೆಯುವುದು ಹೊರೆಯಿಂದಲೋ, ಖುಷಿಯಿಂದಲೋ?

ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಲಿಲ್ಲ. (ಬರೆಯಲು ಬರುತ್ತದೆ, ಹೇಳಲು ಬರುವುದಿಲ್ಲ. ಅದಕ್ಕೇ ಅಲ್ಲವೇ ಪತ್ರಿಕೆಯಲ್ಲಿ ವಾರ ವಾರ ಈ ಪುಟ.) ಒಂದು ಮಾತು ಹೇಳಿದ್ದರೆ ಸಾಕಿತ್ತು: ಹಾದಿ ಬಿಟ್ಟು ನಿಂತೆ, ಅದಕ್ಕೆ ಬಿದ್ದೆ. ಯಾಕೆ ಹಾದಿ ಬಿಟ್ಟೆ ಎಂದು ನಿಮ್ಮ ಅಪ್ಪ ಕೇಳುತ್ತಿದ್ದರು. ಭಾವನವರ ಹೆಸರು ಹೇಳಬೇಕಾಗುತ್ತಿತ್ತು. ಅವರ ಗುಡ್ಡ ಹೋಗುತ್ತಿತ್ತು. ಹೇಳದಿದ್ದರೆ ನನ್ನದು ಹೋಗುತ್ತದೆ. ಆ ದಿನಗಳಲ್ಲಿ ಕುಂಟುತ್ತಲೇ ಪಡಸಾಲೆ ಸುತ್ತಿದೆ. ಕೂತರೆ ಇರುವೆ, ಎದ್ದರೆ ನೋವು.

ಬಾವು ಇಳಿಯುವ ಹೊತ್ತಿಗೆ ಭಾವನವರು ನನ್ನನ್ನು ನೋಡಲು ಗದಗಕ್ಕೆ ಬಂದರು. ಕೈಚೀಲದಲ್ಲಿ ಹೊಲದ ನಿಂಬೆಹಣ್ಣು. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತರು. ನಾನು ಎಂದಿನಂತೆ ಅಡುಗೆಮನೆಯ ಬಾಗಿಲ ಹಿಂದೆ. ನಿಮ್ಮ ಅವ್ವ ಚಹಾ ಕೊಟ್ಟಳು. ನಿಮ್ಮ ಅಪ್ಪ ಸಮಯ ನೋಡಿ ಮಾತು ತೆಗೆದರು. ದೊಡ್ಡಪ್ಪಾ, ಅವ್ವ ನಮ್ಮ ಮಾತು ಕೇಳುವುದಿಲ್ಲ, ನಿಮ್ಮ ಮಾತು ಮೀರುವುದಿಲ್ಲ, ಗುಡ್ಡ ಬಿಡಲು ನೀವೇ ಹೇಳಿರಿ ಎಂದರು.

ಭಾವನವರು ಬಶಿಯಲ್ಲಿದ್ದ ಚಹಾ ಪೂರ್ತಿ ಕುಡಿದರು. ಆಮೇಲೆ ಫ್ಯಾನಿನ ಕಡೆ ನೋಡುತ್ತ ಹೇಳಿದರು.

"ಖರೇನ ಐತಿ. ವಯಸ್ಸಾತು. ಗುಡ್ಡ ಸಾಕ ಮಾಡಂತ ಹೇಳು ನಿಮ್ಮವ್ವಗ."

ಮುಗಿಯಿತು. ನಮ್ಮ ಮನೆತನದಲ್ಲಿ ಭಾವನವರು ಹೇಳಿದ ಮೇಲೆ ಮಾತಿಲ್ಲ. ನಿಮ್ಮ ಅಪ್ಪ ಸಮಾಧಾನದಿಂದ ಹಿಂದಕ್ಕೆ ಒರಗಿದರು.

ನನಗೇನಾಯಿತೋ ಗೊತ್ತಿಲ್ಲ. ಸಿಟ್ಟೋ, ದುಃಖವೋ, ಕಾಲೊಳಗಿನ ಇರುವೆ ನಾಲಗೆಗೆ ಹತ್ತಿತೋ. ಬಾಗಿಲು ಬಿಟ್ಟು ಈಚೆ ಬಂದಿದ್ದೆ. ಸೆರಗು ತಲೆಯ ಮೇಲೆಯೇ ಇತ್ತು, ಕಣ್ಣು ನೆಲದ ಮೇಲೆಯೇ ಇತ್ತು. ಮಾತು ಮಾತ್ರ ಹೊರಗೆ ಬಿತ್ತು.

"ಮತ್ತ ನೀವೂ ಸಾಕ ಮಾಡ್ತೀರೇನ್ರಿ, ಭಾವ್ನೋರ?"

ನಿಮ್ಮ ಅವ್ವನ ಕೈಯಲ್ಲಿದ್ದ ತಾಟು ಅಲ್ಲೇ ನಿಂತಿತು. ನಾನು ಭಾವನವರ ಜೊತೆ ಮಾತಾಡಿದ್ದನ್ನು ಕೇಳಿ ಬೆರಗಾದಳೋ, ಮಾತಿನ ಅರ್ಥಕ್ಕೆ ಬೆರಗಾದಳೋ, ನಾನು ಕೇಳಿಲ್ಲ. ನಿಮ್ಮ ಅಪ್ಪ ನನ್ನನ್ನು ನೋಡಿದರು, ಅವರನ್ನು ನೋಡಿದರು.

ಭಾವನವರು ಬರಿದಾದ ಬಶಿಯನ್ನು ಕೆಳಗಿಟ್ಟರು. ಅವರೂ ನನ್ನ ಕಡೆ ನೋಡಲಿಲ್ಲ. ಆದರೆ ಈ ಸಲ ಯಾರ ಕಡೆಯಿಂದಲೂ ಹೇಳಿಸಲಿಲ್ಲ.

"ಇಲ್ಲ ಗಂಗವ್ವಾ. ನನಗ ಆಗಂಗಿಲ್ಲ."

ನನ್ನ ಹೆಸರು ಅವರಿಗೆ ಗೊತ್ತಿದೆ ಎಂಬುದೇ ನನಗೆ ಆವತ್ತು ಗೊತ್ತಾಯಿತು.

ಆಮೇಲೆ ಅವರೇ ನಿಮ್ಮ ಅಪ್ಪನಿಗೆ ಎಲ್ಲ ಹೇಳಿದರು. ಹೊಲಕ್ಕೆಂದು ಹೊರಟು ಗುಡ್ಡಕ್ಕೆ ಹೋಗುವುದು, ಮಂಡಿ ಗಟ್ಟಿಯಾಗೇ ಇರುವುದು, ನಾನು ಬಿದ್ದದ್ದು. "ಆಕಿ ವಯಸ್ಸಿಗೆ ಬಿದ್ದಿಲ್ಲ ಮಾಂತೇಶ, ನನಗ ಹಾದಿ ಬಿಡಾಕ ಹೋಗಿ ಬಿದ್ಲು. ಇಳಿಯಾವ ನಾ ನಿಂದ್ರಬೇಕಿತ್ತು. ದೊಡ್ಡಾಂವ ಅಂತ ದಿಮಾಕಿಲೆ ಬಂದೆ." ಈ ಸುದ್ದಿಯನ್ನು ಅಣ್ಣಂದಿರಿಗೆ, ಅಂದರೆ ಭಾವನವರ ಮಕ್ಕಳಿಗೆ, ಹೇಳಲೇಬೇಕಾಗುತ್ತದೆ ಎಂದು ನಿಮ್ಮ ಅಪ್ಪ ಅಂದರು. ಭಾವನವರು ಹೇಳು ಎಂದರು. ಎದ್ದು, ಕೋಲು ತೆಗೆದುಕೊಂಡು, ಬಸ್ಸಿಗೆ ಹೋದರು. ನಿಂಬೆಹಣ್ಣಿನ ಚೀಲ ಕೊಡುವುದನ್ನೂ ಮರೆತು ಹಾಗೆಯೇ ಒಯ್ದರು.

ಹಿರೇವಡ್ಡಟ್ಟಿಯಲ್ಲಿ ಏನು ಗದ್ದಲವಾಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಗೊತ್ತಾದದ್ದು ತೀರ್ಪು ಮಾತ್ರ. ನಿಮ್ಮ ಅಪ್ಪ, ಅವರ ಅಣ್ಣಂದಿರು ಫೋನಿನಲ್ಲೇ ಪಂಚಾಯಿತಿ ಮಾಡಿದರು. ಹೋಗುವುದಾದರೆ ಒಬ್ಬರೇ ಹೋಗಬಾರದು. ಹಸೀನಾಬಿ, ನಾನು, ಭಾವನವರು ಕೂಡಿಯೇ ಹೋಗಬೇಕು. ಅದೂ ದೀಪಾವಳಿಯ ತನಕ, ಆಮೇಲೆ ನೋಡೋಣ. ಭಾವನವರು, ನಾನು, ಇಬ್ಬರಲ್ಲಿ ಒಬ್ಬರು ಬಿದ್ದರೂ ಇಬ್ಬರಿಗೂ ಬಂದ್.

ಹೋದ ಭಾನುವಾರ ಹತ್ತಿದೆವು. ಹಸೀನಾಬಿ ಮುಂದೆ, ನಾನು ನಡುವೆ, ಭಾವನವರು ಹಿಂದೆ. ಕಾಲು ಗಟ್ಟಿಯಿರುವವರು ಹಿಂದೆ ಇರಬೇಕು ಎಂದು ಹಸೀನಾಬಿಯದೇ ಕಾನೂನು. ಅವರಿಗೆ ಬೆನ್ನು ತೋರಿಸಿ ಮುಂದೆ ಮುಂದೆ ನಡೆಯುವುದು ನನಗೆ ಹತ್ತುವುದಕ್ಕಿಂತ ಕಷ್ಟವಾಯಿತು. ಕೋಲಿನ ಸದ್ದು ಹತ್ತಿರ ಬಂದಾಗಲೆಲ್ಲ ಕಾಲು ಹಾದಿ ಬಿಡಲು ನೋಡುತ್ತಿತ್ತು. "ಹಾದಿ ಬಿಡಬ್ಯಾಡ" ಎಂದು ಹಿಂದಿನಿಂದ ಗದರುತ್ತಿದ್ದರು. ಅವರು ನನ್ನ ಜೊತೆ ಆಡಿದ ಮಾತು ಅಷ್ಟೇ.

ಒಂದು ಕಡೆ ಸದ್ದು ನಿಂತಿತು. ಬಿದ್ದರೇ? ದಮ್ಮು ಹತ್ತಿತೇ? ತಿರುಗಿ ನೋಡಿದೆ. ಕಲ್ಲಿನ ಮೇಲೆ ಕೂತು ಸುಮ್ಮನೆ ಕೆಳಗಿನ ಹೊಲಗಳನ್ನು ನೋಡುತ್ತಿದ್ದರು. ಅವರನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನನ್ನಂತೆಯೇ ಇದ್ದರು. ಮೇಲೆ ಬಂದ ಮೇಲೆಯೇ ಕೂರಲು ಬರುವ ಮನುಷ್ಯ.

ದೀಪಾವಳಿಯ ಆಚೆ ಏನು? ನನಗೆ ಗೊತ್ತಿಲ್ಲ. ಕ್ಯಾಲೆಂಡರ್ ಕಡೆ ನೋಡುವುದನ್ನೇ ಬಿಟ್ಟಿದ್ದೇನೆ.

(ಇದನ್ನು ಅಚ್ಚು ಹಾಕಿಸಲು ಭಾವನವರ ಒಪ್ಪಿಗೆ ಕೇಳಿದೆ. ಹಸೀನಾಬಿಯ ಕಡೆಯಿಂದ ಕೇಳಿಸಿದೆ. ದಿಮಾಕಿನ ಮಾತನ್ನು ಬಿಡದೆ ಬರೆ ಎಂದರಂತೆ.)

ಈ ಹಾಳೆಗಳನ್ನು ಹಾಸ್ಟೆಲಿನಲ್ಲಿ ಬಜಿ ಕಟ್ಟಲು ಕೊಡಬೇಡಿ ಮಕ್ಕಳೇ. ಎಲ್ಲಾದರೂ ಹುಳ ಬೀಳದ ಕಡೆ, ಮಡಿಚಿ ಇಡಿ. ನನಗಾಗಿ ಅಲ್ಲ. ನಿಮ್ಮ ಅಪ್ಪನಿಗೂ ತಲೆ ಬೆಳ್ಳಗಾಗುತ್ತದೆ. ಅವರೂ ಒಂದು ದಿನ ಎಲ್ಲೋ ಕಾಲು ಉಳುಕಿಸಿಕೊಂಡು ಬರುತ್ತಾರೆ. ನೀವಿಬ್ಬರೂ ಎದುರು ನಿಂತು, ಸಾಕು ಮಾಡಪ್ಪಾ ಎನ್ನಲು ಬಾಯಿ ತೆರೆಯುತ್ತೀರಿ. ಆಗ ಇವನ್ನು ಬಿಚ್ಚಿ ಓದಿರಿ.

ಹೇಗೆ ಬಿದ್ದೆಯಪ್ಪಾ ಎಂದು ಮೊದಲು ಕೇಳುತ್ತೀರಿ, ಹೌದಲ್ಲವೇ?